ಮೀಸೆ ಮೇಷ್ಟ್ರ ಇಪ್ಪತ್ತು ಅಂಕ

ಬಹಳ ವರ್ಷಗಳ ಹಿಂದೆ, ಮುಖದ ತುಂಬ ಸೋಪಿನ ನೊರೆ ಹಚ್ಚಿಸಿಕೊಂಡು ಕ್ಷೌರದ ಕುರ್ಚಿಯಲ್ಲಿ ಒರಗಿದ್ದ ಮೀಸೆ ಮೇಷ್ಟ್ರು ಒಂದು ಮಾತು ಕೊಟ್ಟಿದ್ದರು. ಅವರು ಕಾಲೇಜಿನಲ್ಲಿ ವ್ಯವಹಾರ ಅಧ್ಯಯನ ಕಲಿಸುವವರು. ಪ್ರಶ್ನೆಪತ್ರಿಕೆಯ ಕೊನೆಯಲ್ಲಿ ಬರುವ ಇಪ್ಪತ್ತು ಅಂಕದ, ಪ್ರಬಂಧದಂಥ ದೊಡ್ಡ ಪ್ರಶ್ನೆಗೆ ಯಾರಿಗೂ ಪೂರ್ತಿ ಅಂಕ ಕೊಟ್ಟವರಲ್ಲ. ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರೊಬ್ಬರು ಅದನ್ನೇ ಎತ್ತಿ ಕೆಣಕಿದಾಗ ಮೇಷ್ಟ್ರು ನೊರೆಯ ನಡುವಿನಿಂದಲೇ ಹೇಳಿದ್ದರು:

"ಕೊಡಬಾರದು ಅಂತ ನನಗೇನು ಹಟವೇ? ಬರೆಯೋರು ಸಿಗಲಿ. ಇಪ್ಪತ್ತಕ್ಕೆ ಇಪ್ಪತ್ತು ತಗೊಳ್ಳೋ ಮಗು ಸಿಕ್ಕಿದ ದಿನ ಇದೇ ಕುರ್ಚಿಯಲ್ಲಿ ಕೂತು ಈ ಮೀಸೆ ತೆಗೆಸಿಬಿಡ್ತೀನಿ. ಕತ್ತರಿಯಣ್ಣ, ನೀನೇ ಸಾಕ್ಷಿ, ನೀನೇ ತೆಗೆಯೋನು."

ಅಂಗಡಿಯೆಲ್ಲ ಗೊಳ್ಳೆಂದಿತ್ತು. ಅದೇನು ಅಂತಿಂಥ ಮೀಸೆಯಲ್ಲ. ಎರಡೂ ತುದಿ ಮೇಲಕ್ಕೆ ತಿರುಗಿ ಕೆನ್ನೆ ಮುಟ್ಟುತ್ತಿತ್ತು. ತರಗತಿಗೆ ಮೊದಲು ಮೀಸೆ ಬರುತ್ತದೆ, ಹಿಂದಿನಿಂದ ಮೇಷ್ಟ್ರು ಬರುತ್ತಾರೆ ಎಂದು ಹುಡುಗರು ಹೇಳುತ್ತಿದ್ದರು. ಅದನ್ನು ಒಪ್ಪ ಮಾಡಲೆಂದೇ ಕತ್ತರಿಯಣ್ಣ ಬೇರೆ ಒಂದು ಸಣ್ಣ ಕತ್ತರಿ ಇಟ್ಟುಕೊಂಡಿದ್ದ. "ಹಾಗೇ ಆಗಲಿ ಮೇಷ್ಟ್ರೇ" ಎಂದು ಅವನು ನಕ್ಕಿದ್ದ. ಮೂಲೆಯ ಸ್ಟೂಲಿನ ಮೇಲೆ ಕಾಲಾಡಿಸುತ್ತ ಕೂತಿದ್ದ ಅವನ ಪುಟ್ಟ ಮಗಳೂ ಏನೊಂದೂ ತಿಳಿಯದೆ ಎಲ್ಲರ ಜೊತೆ ನಕ್ಕಿದ್ದಳು. ಆಮೇಲೆ ಎಷ್ಟೋ ತರಗತಿಗಳು ಓದಿ ಮುಗಿಸಿ ಹೋದವು. ಮೀಸೆಯ ಒಂದು ಕೂದಲೂ ಕೊಂಕಲಿಲ್ಲ.

ಈಗ ಅದೇ ಮಗಳು, ಮನೆಯವರ ಬಾಯಲ್ಲಿ ಗುಬ್ಬಿ, ಮೇಷ್ಟ್ರ ತರಗತಿಯಲ್ಲೇ ಕೂರುತ್ತಿದ್ದಳು. ವ್ಯಾಪಾರದ ವಿಷಯವೆಂದರೆ ಅವಳಿಗೆ ಚಿಕ್ಕಂದಿನಿಂದಲೂ ಹುಚ್ಚು. ಹಣ್ಣಿನಂಗಡಿಯಲ್ಲಿ ಹಣ್ಣು ಆರಿಸುವುದು ಬಿಟ್ಟು "ಸಂಜೆ ಯಾಕೆ ಕಮ್ಮಿಗೆ ಕೊಡ್ತೀರಿ?" ಎಂದು ಕೇಳಿ ಬೈಸಿಕೊಂಡು ಬರುವವಳು. ವಾಣಿಜ್ಯದ ಪದವಿ ಓದಬೇಕು, ಮುಂದೆ ತನ್ನದೇ ಏನಾದರೊಂದು ಶುರು ಮಾಡಬೇಕು ಎಂಬುದು ಅವಳ ಲೆಕ್ಕಾಚಾರ. ಹಾಗಿರುವಾಗ ಒಂದು ಸಂಜೆ ಮೇಷ್ಟ್ರು ಮೀಸೆ ಒಪ್ಪ ಮಾಡಿಸಿಕೊಳ್ಳುತ್ತ, ಕನ್ನಡಿಯೊಳಗಿಂದ ಕತ್ತರಿಯಣ್ಣನನ್ನು ನೋಡಿ ಗಂಟಲು ಸರಿಮಾಡಿಕೊಂಡರು.

"ನಿನ್ನ ಮಗಳ ವಿಚಾರ ಕಣಯ್ಯ. ಸಣ್ಣ ಪ್ರಶ್ನೆಗಳಿಗೆಲ್ಲ ಚುರುಕಾಗಿ ಬರೀತಾಳೆ. ದೊಡ್ಡ ಪ್ರಶ್ನೆ ಬಂತು ಅಂದ್ರೆ ಮುಗ್ಗರಿಸ್ತಾಳೆ. ಮುಂದಿನ ಪರೀಕ್ಷೆಯಲ್ಲಿ ಅದ್ರಲ್ಲಿ ಅರ್ಧ ಅಂಕನಾದ್ರೂ ಬರ್ದೇ ಹೋದ್ರೆ ಈ ವಿಷಯ ಬಿಡಿಸಿ ಬೇರೆದಕ್ಕೆ ಹಾಕಬೇಕು ಅಂತ ಪ್ರಿನ್ಸಿಪಾಲ್ ಮೇಡಂ ಹೇಳಿದಾರೆ."

ಆ ವಿಷಯ ಬಿಟ್ಟರೆ ವಾಣಿಜ್ಯದ ಪದವಿಯ ಬಾಗಿಲೇ ಮುಚ್ಚಿದ ಹಾಗೆ ಎಂಬುದು ಕತ್ತರಿಯಣ್ಣನಿಗೆ ಗೊತ್ತಿತ್ತು. ಇನ್ನೊಂದು ಅವಕಾಶ ಕೊಡಿ ಎನ್ನಬೇಕು, ಅವಳು ಹಗಲಿರುಳೂ ಅದನ್ನೇ ಕನಸು ಕಾಣುತ್ತಾಳೆ ಎನ್ನಬೇಕು. ನಾಲಗೆ ತುದಿಗೆ ಬಂದದ್ದು ಮಾತ್ರ ಯಾವತ್ತಿನ ಮಾತೇ.

"ಹಾಗೇ ಆಗಲಿ ಮೇಷ್ಟ್ರೇ."

ಮನೆಯಲ್ಲಿ ಇದನ್ನು ಹೇಳಿದಾಗ ಹೆಂಡತಿ ಕೈಯಲ್ಲಿದ್ದ ಪಾತ್ರೆಯನ್ನು ಕುಕ್ಕಿದಳು. ಅವಳು ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೂರುವವಳು. ಸೀಟಿದೆ, ಸೀಟಿಲ್ಲ ಎಂಬ ಎರಡೇ ಮಾತಿನಲ್ಲಿ ದಿನ ದೂಡುವವಳಿಗೆ ಅಡ್ಡಗೋಡೆಯ ಮೇಲೆ ದೀಪ ಇಡುವುದು ಗೊತ್ತಿರಲಿಲ್ಲ.

"ಹಾಗೇ ಆಗಲಿ ಅಂದ್ರಾ? ಹೇಗೆ ಆಗಲಿ? ಮಗಳನ್ನ ಕ್ಲಾಸಿಂದ ಎಬ್ಬಿಸಿ ಕಳಿಸ್ತೀನಿ ಅಂದ್ರೆ ಅದಕ್ಕೂ ತಲೆ ಆಡಿಸಿ ಬಂದ್ರಾ?"

"ಕುರ್ಚಿಯಲ್ಲಿ ಕೂತಿದ್ರು ಕಣೇ. ಕೂತೋರ ಹತ್ರ ಎದುರು ಮಾತು ಆಡೋದು ಹೇಗೆ?"

ಗುಬ್ಬಿ ತುಟಿ ಕಚ್ಚಿಕೊಂಡು ಒಳಗೆ ಹೋಗಿ, ತಿದ್ದಿದ ಉತ್ತರಪತ್ರಿಕೆ ತಂದು ಮೇಜಿನ ಮೇಲೆ ಹರಡಿದಳು. ಪ್ರಶ್ನೆ ಸರಳವಾಗಿತ್ತು: ಒಂದು ಬೇಕರಿಯ ಎದುರಿಗೆ ದೊಡ್ಡ ಮಳಿಗೆಯೊಂದು ತೆರೆದು ಕಡಿಮೆ ಬೆಲೆಗೆ ಬ್ರೆಡ್ ಮಾರುತ್ತಿದೆ, ಬೇಕರಿಯವನೂ ಬೆಲೆ ಇಳಿಸಬೇಕೆ? ಮೌಲ್ಯಮಾಪನ ಮಾಡಿ. ಗುಬ್ಬಿ ಪುಟಗಟ್ಟಲೆ ಬರೆದಿದ್ದಳು. ಬೆಲೆ ಎಂದರೇನು, ಸ್ಪರ್ಧೆ ಎಂದರೇನು, ಗ್ರಾಹಕ ಎಂದರೆ ಯಾರು, ಎಲ್ಲವೂ ಪಠ್ಯದಲ್ಲಿದ್ದಂತೆಯೇ. ಆಮೇಲೆ, ಇಳಿಸಿದರೆ ಒಳ್ಳೆಯದು. ಆಮೇಲೆ, ಇಳಿಸದಿದ್ದರೂ ಒಳ್ಳೆಯದು. ಕೊನೆಯ ಸಾಲು: 'ಆದ್ದರಿಂದ ಮಾಲೀಕರು ತಮಗೆ ಸರಿ ಕಂಡಂತೆ ಮಾಡಬಹುದು.' ಮೇಷ್ಟ್ರ ಕೆಂಪು ಶಾಯಿ ಪುಟಪುಟದಲ್ಲೂ ಇಣುಕಿತ್ತು. 'ಯಾವ ಬೇಕರಿ? ಇದು ಚಪ್ಪಲಿ ಅಂಗಡಿಗೂ ಹೊಂದುತ್ತದಲ್ಲ.' 'ಸರಿ, ಅದರಿಂದ ಏನಾಯಿತು?' ಕಟ್ಟಕಡೆಗೆ: 'ಹಾಗಾದರೆ ನಿನ್ನನ್ನು ಯಾಕೆ ಕೇಳಬೇಕಿತ್ತು?'

ಹೆಂಡತಿ ಮಗಳ ಉತ್ತರದ ಕೊನೆಯ ಸಾಲನ್ನು ಎರಡು ಸಲ ಓದಿದಳು. ಬಂದ ಸಿಟ್ಟು ಎಲ್ಲಿ ಹೋಯಿತೋ, ಕಿಸಕ್ಕನೆ ನಕ್ಕುಬಿಟ್ಟಳು.

"ಇದು ಇವಳು ಬರೆದಿದ್ದಲ್ಲ ರೀ. ನೀವು ಬರೆದಿದ್ದು. ಇಡೀ ಉತ್ತರ 'ಅದೂ ಚೆನ್ನಾಗಿರುತ್ತೆ' ಅಂತಾನೇ ಇದೆ."

ಕತ್ತರಿಯಣ್ಣ ಬೆಪ್ಪಾದ. ಮಾತು ಸುಳ್ಳಲ್ಲ. ಅವನ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು, ಅವನ ಅಪ್ಪನಿಂದ ಬಂದದ್ದು: ಕುರ್ಚಿಯಲ್ಲಿ ಕೂತವರಿಗೆ ಬೇಡ ಎನ್ನಕೂಡದು. ನೆತ್ತಿ ಬಯಲಾದವನು ದಟ್ಟ ಜುಟ್ಟಿನ ನಟನ ಫೋಟೋ ಹಿಡಿದು ಬಂದರೂ "ಅದೂ ಚೆನ್ನಾಗಿರುತ್ತೆ" ಎನ್ನಬೇಕು. ಗಿಡ್ಡ ಮಾಡಲೋ ಉದ್ದ ಬಿಡಲೋ ಎಂದು ಕೇಳಿದರೆ "ಗಿಡ್ಡ ಮಾಡಿದ್ರೂ ಒಪ್ಪುತ್ತೆ, ಬಿಟ್ರೂ ಒಪ್ಪುತ್ತೆ" ಎನ್ನಬೇಕು. ಗುಬ್ಬಿ ಶಾಲೆ ಬಿಟ್ಟ ಮೇಲೆ ಅಮ್ಮ ಬರುವ ತನಕ ಆ ಸ್ಟೂಲಿನ ಮೇಲೆಯೇ ಕೂತು ಪಾಠ ಬರೆದು ಬೆಳೆದವಳು. ಆ ಮಾತು ಅವಳ ಕಿವಿಗೆ ಬಿದ್ದದ್ದು ಒಂದು ಸಲವೇ, ಎರಡು ಸಲವೇ.

"ಅಪ್ಪ," ಎಂದಳು ಗುಬ್ಬಿ, "ಒಂದು ಕಡೆ ನಿಂತು ಬರೆದ್ರೆ ಇನ್ನೊಂದು ಕಡೆಯೋರಿಗೆ ಬೇಜಾರಾಗಲ್ವಾ ಅಂತ ಅನ್ಸುತ್ತೆ."

"ಯಾರಿಗೆ ಬೇಜಾರು? ಕಾಗದದ ಬೇಕರಿಯವನಿಗಾ?" ಎಂದಳು ಅಮ್ಮ. "ನಮ್ಮ ಕಿಟಕಿಗೆ ಬಾ. ಸೀಟು ಇದ್ರೂ ಇರಬಹುದು, ಇಲ್ದೇನೂ ಇರಬಹುದು ಅಂತ ಹೇಳಿ ನೋಡು. ಕಿಟಕಿ ಸಮೇತ ಎತ್ಕೊಂಡು ಹೋಗ್ತಾರೆ."

ಮಾರನೆಯ ದಿನ ರಜೆ. ಗುಬ್ಬಿ ಪುಸ್ತಕ ಹಿಡಿದು ಅಂಗಡಿಗೇ ಬಂದಳು. ಆ ಹೊತ್ತಿಗೆ ಕುರ್ಚಿಯಲ್ಲಿದ್ದವರು ಬೀದಿಯ ತಿರುವಿನ ಬೇಕರಿಯವರು. ಹಿಟ್ಟಿನ ಧೂಳು ಹುಬ್ಬಿನ ತನಕ ಮೆತ್ತಿದ್ದ ದಪ್ಪ ಆಸಾಮಿ. ಅವರ ಎದುರಿಗೂ ಹೋದ ತಿಂಗಳು ಗಾಜಿನ ಬಾಗಿಲಿನ ದೊಡ್ಡ ಮಳಿಗೆ ತೆರೆದಿತ್ತು. ಮೇಷ್ಟ್ರಿಗೆ ಪ್ರಶ್ನೆ ಹೊಳೆದದ್ದೇ ಅದನ್ನು ನೋಡಿ ಇರಬೇಕು.

"ಏನ್ ಮಾಡಲಿ ಕತ್ತರಿಯಣ್ಣ?" ಎಂದರು ಬೇಕರಿಯವರು. "ಬೆಲೆ ಇಳಿಸಿಬಿಡಲಾ?"

ಇಳಿಸಿದ್ರೂ ಒಳ್ಳೇದೇ ಎಂಬ ಮಾತು ಕತ್ತರಿಯಣ್ಣನ ಹಲ್ಲಿನ ತನಕ ಬಂತು. ಅವನು ಅದನ್ನು ನುಂಗಿಕೊಂಡು ಕುರ್ಚಿಯನ್ನು ಗುಬ್ಬಿಯ ಕಡೆಗೆ ತಿರುಗಿಸಿದ. "ಇವಳನ್ನ ಕೇಳಿ. ಇವಳು ಹೇಳ್ತಾಳೆ."

ಗುಬ್ಬಿ ಎದ್ದು ನಿಂತಳು. "ಇಳಿಸಿದ್ರೆ ಗ್ರಾಹಕರು ಉಳೀತಾರೆ. ಇಳಿಸದೇ ಇದ್ರೆ ಲಾಭ ಉಳಿಯುತ್ತೆ. ಎರಡರಲ್ಲೂ ಅನುಕೂಲ..."

"ನಾನು ಎರಡು ಅಂಗಡಿ ನಡೆಸ್ತಾ ಇಲ್ಲ ತಾಯಿ, ಒಂದೇ ನಡೆಸೋದು. ಒಂದು ಹೇಳು."

ಬೆಂಚಿನ ಮೇಲಿದ್ದ ಬಸ್ ಡ್ರೈವರ್ ಪತ್ರಿಕೆ ಇಳಿಸಿ ನೋಡಿದ. ಗುಬ್ಬಿಯ ಕಿವಿ ಕೆಂಪಾಯಿತು. ಅವಳು ಪುಸ್ತಕ ತೆರೆದಳು, ಮುಚ್ಚಿದಳು. ಆಮೇಲೆ ಪುಸ್ತಕದಲ್ಲಿ ಇಲ್ಲದ ಒಂದು ಪ್ರಶ್ನೆ ಅವಳ ಬಾಯಿಂದ ಹೊರಬಿತ್ತು.

"ನಿಮ್ಮ ಬ್ರೆಡ್ ಯಾವಾಗ ಹೆಚ್ಚು ಖರ್ಚಾಗುತ್ತೆ?"

"ಬೆಳ್ಳಂಬೆಳಗ್ಗೆ. ಕಾರ್ಖಾನೆಗೆ ಹೋಗೋರು, ಬಸ್ಸಿನೋರು. ಒಲೆಯಿಂದ ತೆಗೀತಿದ್ದ ಹಾಗೇ ಬಿಸಿಬಿಸಿ ಕಟ್ಟಿಸ್ಕೊಂಡು ಹೋಗ್ತಾರೆ."

"ಆ ಮಳಿಗೆ ಎಷ್ಟು ಹೊತ್ತಿಗೆ ತೆಗೀತಾರೆ?"

"ಅವರಿಗೇನಮ್ಮ, ಬಿಸಿಲು ಏರಿದ ಮೇಲೆ. ಅಲ್ಲಿ ಒಲೇನೂ ಇಲ್ಲ. ಎಲ್ಲಿಂದಲೋ ಲಾರಿಯಲ್ಲಿ ಬರುತ್ತೆ."

ಕತ್ತರಿಯಣ್ಣ ಮಗಳ ಮುಖವನ್ನೇ ನೋಡುತ್ತಿದ್ದ. ಕತ್ತಲೆ ಕೋಣೆಯಲ್ಲಿ ತಡಕಾಡುತ್ತಿದ್ದವರ ಕೈಗೆ ಸ್ವಿಚ್ಚು ಸಿಕ್ಕಿದಂತೆ ಆ ಮುಖ ಬೆಳಗಿತು.

"ಹಾಗಾದ್ರೆ ಇಳಿಸಬೇಡಿ," ಎಂದಳು.

ಕತ್ತರಿಯ ಸದ್ದು ನಿಂತಿತು. ಆ ಅಂಗಡಿಯಲ್ಲಿ, ಆ ಕುರ್ಚಿಯಲ್ಲಿ ಕೂತವರಿಗೆ, ಬೇಡ ಎಂಬ ಮಾತು ಬಿದ್ದದ್ದು ಅದೇ ಮೊದಲು. ಬೇಕರಿಯವರು ಬಿಳಿಯ ಹೊದಿಕೆಯೊಳಗೇ ಹೊರಳಿ ಕೂತರು.

"ಯಾಕೆ?"

"ಬೆಳಗ್ಗೆ ಬರೋರು ಬಿಸಿ ಬ್ರೆಡ್‌ಗೆ ಬರ್ತಾರೆ. ಆ ಹೊತ್ತಿಗೆ ಮಳಿಗೆ ಬಾಗಿಲೇ ತೆಗೆದಿರಲ್ಲ. ಅಂದ್ರೆ ಅವರು ಹೇಗಿದ್ರೂ ನಿಮ್ಮೋರೇ. ಬೆಲೆ ಇಳಿಸಿದ್ರೆ, ಎಲ್ಲೂ ಹೋಗದೇ ಇರೋರಿಗೆ ಸುಮ್ಸುಮ್ನೆ ಬಿಟ್ಟುಕೊಟ್ಟ ಹಾಗಾಗುತ್ತೆ. ಅದ್ರಿಂದ ಹಿಟ್ಟಿಗೆ, ಕೆಲಸದೋರಿಗೆ ಕೊಡೋದು ಕಷ್ಟ ಆಗುತ್ತೆ. ಕೆಲಸದೋರು ಬಿಟ್ಟುಹೋದ್ರೆ ಬೆಳಗಿನ ಬಿಸಿ ಬ್ರೆಡ್ಡೇ ನಿಂತುಹೋಗುತ್ತೆ. ಆಮೇಲೆ ನಿಮಗೂ ಆ ಮಳಿಗೆಗೂ ಏನು ವ್ಯತ್ಯಾಸ?"

"ಸಂಜೆ ಬರೋರು? ಅವರೆಲ್ಲ ಅಲ್ಲಿಗೇ ಹೋಗ್ತಿದಾರಲ್ಲ," ಬೇಕರಿಯವರೂ ಸುಮ್ಮನೆ ಬಿಡುವವರಲ್ಲ.

"ಸಂಜೆಯೋರು ಹೋಗ್ತಾರೆ. ಅದು ನಷ್ಟಾನೇ, ಇಲ್ಲ ಅನ್ನಲ್ಲ. ಬೇಕಾದ್ರೆ ಬೆಳಗಿಂದು ಉಳಿದಿದ್ದನ್ನ ಮಾತ್ರ ಸಂಜೆ ಕಮ್ಮಿಗೆ ಕೊಡಿ. ಆದ್ರೂ ನನ್ನ ಮಾತು ಅದೇ. ಬಿಸಿ ಬ್ರೆಡ್ ಬೆಲೆ ಮುಟ್ಟಬೇಡಿ."

ಡ್ರೈವರ್ ಬೆಂಚಿನಿಂದ ಎದ್ದೇ ನಿಂತಿದ್ದ. "ಸರಿಯಾಗಿ ಹೇಳ್ತು ನೋಡಿ ಕೂಸು. ನಾನು ದಿನಾ ಅಲ್ಲೇ ತಗೊಳ್ಳೋದು. ಬೆಲೆ ಎಷ್ಟು ಅಂತ ಇವತ್ತಿನ ತನಕ ಕೇಳಿಲ್ಲ."

"ಕೇಳಿಲ್ಲ ಅಂತ ಗೊತ್ತಿದ್ರೆ ಯಾವತ್ತೋ ಏರಿಸ್ತಿದ್ದೆನಲ್ಲಯ್ಯ," ಎಂದರು ಬೇಕರಿಯವರು. ಅಂಗಡಿ ಮತ್ತೆ ಗೊಳ್ಳೆಂದಿತು.

ಅಲ್ಲಿಂದ ಮುಂದೆ ಗುಬ್ಬಿಗೆ ಹಿಡಿದ ಹುಮ್ಮಸ್ಸು ಅಷ್ಟಿಷ್ಟಲ್ಲ. ಬಂದವರನ್ನೆಲ್ಲ ಹಿಡಿದು ಕೂರಿಸಿ ಅವರ ಕಸುಬಿನ ತೊಡಕು ಕೇಳುವುದು, ಎರಡೂ ಕಡೆ ತೂಗುವುದು, ಒಂದನ್ನು ಆರಿಸುವುದು, ಆಮೇಲೆ ಸ್ಟೂಲಿನ ಮೇಲೆ ಕೂತು ಅದನ್ನೇ ಉತ್ತರವಾಗಿ ಬರೆಯುವುದು. ಪ್ರತಿ ವಾಕ್ಯದ ಕೊನೆಗೂ ಮೇಷ್ಟ್ರ ಕೆಂಪು ಪ್ರಶ್ನೆಯನ್ನು ತಾನೇ ಹಾಕಿಕೊಳ್ಳುತ್ತಿದ್ದಳು: ಅದರಿಂದ ಏನಾಯಿತು? ಉತ್ತರ ಸಿಗದ ವಾಕ್ಯದ ಮೇಲೆ ಗೀಟು. ಪುಟಗಟ್ಟಲೆ ಇದ್ದ ಉತ್ತರ ಸಣ್ಣದಾಗುತ್ತ ಬಂತು, ಸಣ್ಣದಾದಷ್ಟೂ ಗಟ್ಟಿಯಾಗುತ್ತ ಬಂತು. ಕತ್ತರಿಯಣ್ಣನಿಗೆ ಆ ಕೆಲಸ ಎಲ್ಲೋ ಕಂಡ ಹಾಗಿತ್ತು. ಕಾಡಿನಂತೆ ಬೆಳೆದ ತಲೆಯನ್ನು ಕತ್ತರಿಸಿ ಕತ್ತರಿಸಿ, ಅಡಿಯಿಂದ ಒಂದು ಮುಖ ಹೊರಬಂದಂತೆ.

ಮಗಳು ಅಷ್ಟಕ್ಕೇ ಬಿಡಲಿಲ್ಲ. "ನಾನೊಬ್ಳೇ ಹೇಳೋದಲ್ಲ ಅಪ್ಪ. ನೀನೂ ಹೇಳು."

"ನನಗೇನು ಪರೀಕ್ಷೆಯಾ?"

"ಹೂಂ."

ಮೊದಲು ಸಿಕ್ಕವನು ಬಸ್ ಡ್ರೈವರ್. ಕಿವಿಯ ಮೇಲಿನ ಭಾಗವನ್ನೆಲ್ಲ ಬೋಳಿಸಿ ನಡುವೆ ಮಾತ್ರ ಕೋಳಿಯ ಜುಟ್ಟಿನಂತೆ ಬಿಡಬೇಕೆಂದು ಅವನ ಆಸೆ. ಕತ್ತರಿಯಣ್ಣ ಬಾಚಣಿಗೆಯನ್ನು ಒರೆಸಿದ, ಮತ್ತೆ ಒರೆಸಿದ. ಸ್ಟೂಲಿನಿಂದ ಗುಬ್ಬಿ ಕೆಮ್ಮಿದಳು.

"ಬೇಡಪ್ಪ," ಎಂದ ಕತ್ತರಿಯಣ್ಣ. "ನಿನ್ನ ಕಿವಿ ಅಗಲ. ಸುತ್ತ ಬೋಳಿಸಿದ್ರೆ ಎರಡೂ ಬಾಗಿಲು ತೆಗೆದಿಟ್ಟ ಬಸ್ಸಿನ ಹಾಗೆ ಕಾಣ್ತೀಯ."

ಡ್ರೈವರ್ ಕನ್ನಡಿಯಲ್ಲಿ ಆ ಕಡೆ ಈ ಕಡೆ ತಿರುಗಿ ನೋಡಿಕೊಂಡ. ಎದ್ದು ಹೋಗಿಬಿಡುತ್ತಾನೆಂದೇ ಕತ್ತರಿಯಣ್ಣ ಎಣಿಸಿದ್ದ. "ನನ್ನ ಹೆಂಡ್ತಿನೂ ಅದೇ ಅಂದ್ಲು," ಎಂದು ಅವನು ನಿಟ್ಟುಸಿರುಬಿಟ್ಟು ಒರಗಿದ. "ಯಾವುದು ಒಪ್ಪುತ್ತೋ ಅದೇ ಮಾಡು ಮಾರಾಯ."

ಪರೀಕ್ಷೆಯ ದಿನ ಕತ್ತರಿಯಣ್ಣನಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಒಬ್ಬರ ಕಿವಿಯ ಬಳಿ ಬ್ಲೇಡು ಹಿಡಿದವನು ಹೆದರಿ ಅವರನ್ನು ಕಾಯಲು ಕೂರಿಸಿ, ನೆಲ ಗುಡಿಸಿದ. ಗುಡಿಸಿದ್ದನ್ನೇ ಮತ್ತೆ ಗುಡಿಸಿದ. ಕಡೆಗೆ ಬಾಗಿಲಲ್ಲಿ ಗುಬ್ಬಿ ಕಾಣಿಸಿಕೊಂಡಳು. ಓಡಿ ಬಂದು ಏದುಸಿರು ಬಿಡುತ್ತಿದ್ದಳು, ಬೆರಳೆಲ್ಲ ಶಾಯಿ.

"ಸೈಕಲ್ ರಿಪೇರಿ ಅಂಗಡಿ ಅಪ್ಪ. ಒಬ್ಬ ಹೆಂಗಸು ನಡೆಸ್ತಾಳೆ. ರಿಪೇರಿಗೆ ವಾರಗಟ್ಟಲೆ ಕಾಯಬೇಕು ಅಂತ ಜನ ಗೊಣಗ್ತಾ ಇದಾರೆ. ಅವಳ ಹತ್ರ ಒಂದಷ್ಟು ದುಡ್ಡಿದೆ. ಹೊಸ ಸೈಕಲ್ ತಂದು ಮಾರೋದಾ, ಇನ್ನೊಬ್ಬ ರಿಪೇರಿಯವನನ್ನ ಇಟ್ಕೊಳ್ಳೋದಾ? ಎಲ್ಲರೂ ಹೊಸ ಸೈಕಲ್ ಮಾರಬೇಕು ಅಂತ ಬರೆದಿದಾರೆ. ನಾನೊಬ್ಳೇ ಬೇಡ ಅಂತ ಬರೆದೆ."

ಎಲ್ಲರೂ ಒಂದು ಕಡೆ, ತನ್ನ ಗುಬ್ಬಿ ಒಬ್ಬಳೇ ಇನ್ನೊಂದು ಕಡೆ. ಅದೂ ಚೆನ್ನಾಗಿರುತ್ತೆ ಎಂದು ಬೆನ್ನು ತಟ್ಟಿಬಿಟ್ಟರೆ ಇಬ್ಬರಿಗೂ ನೆಮ್ಮದಿ. ಕತ್ತರಿಯಣ್ಣ ಹಾಗೆ ಮಾಡಲಿಲ್ಲ.

"ಯಾಕೆ?" ಎಂದ.

"ಕಾಯ್ತಾ ಇರೋ ಜನ ಆಗ್ಲೇ ಬಾಗಿಲಲ್ಲಿ ಇದಾರೆ. ಹೊಸ ಸೈಕಲ್ ಕೊಳ್ಳೋರನ್ನ ಹುಡುಕಬೇಕು. ಅಂಗಡಿ ಇರೋದೇ ಇಷ್ಟಗಲ, ಹೊಸದನ್ನ ನಿಲ್ಲಿಸಿದ್ರೆ ರಿಪೇರಿಗೆ ಜಾಗ ಎಲ್ಲಿ? ರಿಪೇರಿ ಇನ್ನೂ ತಡ ಆಗುತ್ತೆ. ತಡ ಆದ್ರೆ ಜನ ಬೇರೆ ಕಡೆ ಹೋಗ್ತಾರೆ. ಹಾಗೆ ಹೋದೋರು ಹೊಸ ಸೈಕಲ್ ತಗೊಳ್ಳೋಕೆ ಇವಳ ಹತ್ರ ವಾಪಸ್ ಬರ್ತಾರಾ?" ಒಂದೇ ಉಸಿರಿಗೆ ಹೇಳಿ ಅವಳು ನಿಂತಳು. "ಸರೀನಾ ಅಪ್ಪ?"

"ನನಗೆ ಗೊತ್ತಿಲ್ಲ ಮಗಳೇ. ಆದ್ರೆ ಆ ಹೆಂಗಸು ನಾನಾಗಿದ್ರೆ ನೀನು ಹೇಳಿದ ಹಾಗೇ ಮಾಡ್ತಿದ್ದೆ."

ವಾರ ಕಳೆಯಿತು. ಯಾವತ್ತೂ ಬರುವ ದಿನವಲ್ಲದ ಒಂದು ಸಂಜೆ ಮೀಸೆ ಮೇಷ್ಟ್ರು ಅಂಗಡಿಯ ಬಾಗಿಲು ತಳ್ಳಿಕೊಂಡು ಬಂದರು. ನೇರವಾಗಿ ಕುರ್ಚಿಯಲ್ಲಿ ಕೂತು, ಚೀಲದಿಂದ ಒಂದು ಉತ್ತರಪತ್ರಿಕೆ ತೆಗೆದು ಕನ್ನಡಿಯ ಕೆಳಗಿನ ಹಲಗೆಯ ಮೇಲೆ, ಬ್ರಷ್ಷುಗಳ ನಡುವೆ ಇಟ್ಟರು. ಕತ್ತರಿಯಣ್ಣ ಬಗ್ಗಿ ನೋಡಿದ. ಕೊನೆಯ ಪುಟದಲ್ಲಿ ಕೆಂಪು ಶಾಯಿಯ ಒಂದೇ ಒಂದು ಗುರುತು. ಇಪ್ಪತ್ತು.

"ಒಂದಂಕ ಕಳೆಯೋಣ ಅಂತ ಜಾಗ ಹುಡುಕಿದೆ ಕಣಯ್ಯ," ಎಂದರು ಮೇಷ್ಟ್ರು. "ಓದಿದೆ. ಮತ್ತೆ ಓದಿದೆ. ನನ್ನ ಹೆಂಡತಿ ಕೈಲಿ ಓದಿಸಿದೆ. ಸಿಗಲಿಲ್ಲ. ಕೊನೇಗೆ ಏನು ಬರೆದಿದಾಳೆ ಗೊತ್ತಾ? ಕೈಚಳಕ ಇರೋ ಇನ್ನೊಬ್ಬ ರಿಪೇರಿಯವನು ಆ ಊರಲ್ಲಿ ಸಿಗದೇ ಹೋದ್ರೆ ನನ್ನ ಸಲಹೆ ನಿಲ್ಲಲ್ಲ, ಅದನ್ನ ಮೊದಲು ವಿಚಾರಿಸಿ ಅಂತ. ತನ್ನ ತೀರ್ಮಾನ ಎಲ್ಲಿ ಬಿದ್ದುಹೋಗುತ್ತೆ ಅಂತ ತಾನೇ ಬೆರಳಿಟ್ಟು ತೋರಿಸಿದಾಳೆ. ತೋರಿಸಿಯೂ ತೀರ್ಮಾನ ಬಿಟ್ಟಿಲ್ಲ. ಇಷ್ಟು ವರ್ಷ ನಾನು ಕಾಯ್ತಾ ಇದ್ದಿದ್ದು ಇದಕ್ಕೇ."

ಕತ್ತರಿಯಣ್ಣನಿಗೆ ಕೂರಬೇಕೆನಿಸಿತು. ಇದ್ದ ಒಂದೇ ಕುರ್ಚಿಯಲ್ಲಿ ಮೇಷ್ಟ್ರು ಕೂತಿದ್ದರು. "ಹಾಗಾದ್ರೆ ಗುಬ್ಬಿ ನಿಮ್ಮ ಕ್ಲಾಸಲ್ಲೇ..."

"ಇನ್ನೆಲ್ಲಿಗೆ ಕಳಿಸ್ತೀಯ ಅವಳನ್ನ? ನನ್ನ ಕ್ಲಾಸಲ್ಲೇ ಇರ್ತಾಳೆ. ಪ್ರಿನ್ಸಿಪಾಲ್ ಮೇಡಂಗೆ ಹೇಳಿಯೇ ಬಂದೆ. ನೊರೆ ಕಲಸು."

"ಯಾತಕ್ಕೆ?"

"ಮರೆತುಬಿಟ್ಯಾ? ನೀನೇ ಸಾಕ್ಷಿ, ನೀನೇ ತೆಗೆಯೋನು."

ಸುದ್ದಿಗೆ ರೆಕ್ಕೆ ಬಂದಿತ್ತೇನೋ. ಬೇಕರಿಯವರು ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಿಗೆ ಆತು ನಿಂತಿದ್ದರು. ಅವರ ತೋಳಿನಡಿಯಿಂದ ನುಸುಳಿ ಗುಬ್ಬಿ ಒಳಗೆ ಬಂದಳು. ಹಲಗೆಯ ಮೇಲಿನ ಕೆಂಪು ಅಂಕೆ ನೋಡಿದವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಪ್ಪನ ತೋಳು ಹಿಡಿದು ಎಷ್ಟು ಅಲುಗಾಡಿಸಿದಳೆಂದರೆ ಅವನ ಕೈಯಲ್ಲಿದ್ದ ಬಟ್ಟಲಿನ ನೀರೆಲ್ಲ ಮೇಷ್ಟ್ರ ಮಡಿಲಿಗೆ ತುಳುಕಿತು. ಯಾರೂ ಅದನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ.

"ಮೀಸೆ ಇಲ್ದೆ ಹೇಗಿರುತ್ತೆ ಕತ್ತರಿಯಣ್ಣ?" ಎಂದರು ಮೇಷ್ಟ್ರು.

ಕತ್ತರಿಯಣ್ಣ ಆ ಮುಖವನ್ನು ಸರಿಯಾಗಿ ನೋಡಿದ. "ಚೆನ್ನಾಗಿರಲ್ಲ ಮೇಷ್ಟ್ರೇ. ನಿಮ್ಮ ಮೇಲ್ತುಟಿ ತೀರಾ ತೆಳು. ತೆಗೆದ್ರೆ ಮುಖ ಅರ್ಧ ಆಗುತ್ತೆ. ಕಾಲೇಜಿನ ಹುಡುಗರು ಬೆಂಚಿನ ಕೆಳಗೆ ಬಿದ್ದು ನಗ್ತಾರೆ. ತೆಗೆಸಬೇಡಿ."

ಇಷ್ಟು ವರ್ಷಗಳಲ್ಲಿ ಆ ಬಾಯಿಂದ ಅಂಥ ಮಾತು ಮೇಷ್ಟ್ರು ಕೇಳಿರಲಿಲ್ಲ. ಅವರ ಕೈ ತಂತಾನೇ ಮೀಸೆಯ ತುದಿಗೆ ಹೋಯಿತು. ಆಸೆ ಇದ್ದೇ ಇತ್ತು, ಪಾಪ. ಅವರು ಕನ್ನಡಿಯಲ್ಲಿ ಗುಬ್ಬಿಯನ್ನು ಹುಡುಕಿದರು.

"ನಿಮ್ಮಪ್ಪ ಬೇಡ ಅಂತಾನೆ. ನೀನು ಹೇಳಮ್ಮ. ಮೇಷ್ಟ್ರು ಮೀಸೆ ತೆಗೆಸಬೇಕೇ? ಮೌಲ್ಯಮಾಪನ ಮಾಡು."

ಗುಬ್ಬಿ ಸೊಂಟಕ್ಕೆ ಕೈಯಿಟ್ಟು, ತನ್ನ ಅಮ್ಮ ಟಿಕೆಟ್ ಕಿಟಕಿಯಲ್ಲಿ ಮಾತಾಡುವ ಗತ್ತಿನಲ್ಲೇ ನಿಂತಳು.

"ಅಪ್ಪ ಹೇಳಿದ್ದು ನಿಜ. ಚೆನ್ನಾಗಿ ಕಾಣಲ್ಲ, ಹುಡುಗರು ನಗ್ತಾರೆ. ಆದ್ರೆ ಮೀಸೆ ಮತ್ತೆ ಬೆಳೆಯುತ್ತೆ, ನಗು ಒಂದು ವಾರದಲ್ಲಿ ನಿಲ್ಲುತ್ತೆ. ತೆಗೆಸದೇ ಹೋದ್ರೆ, ಪೂರ್ತಿ ಅಂಕ ಬರೋದೂ ಮೇಷ್ಟ್ರು ಮಾತು ಕೊಡೋದೂ ಬರೀ ಬಾಯಿಮಾತು ಅಂತ ಮುಂದಿನ ಕ್ಲಾಸಿನೋರು ಅಂದ್ಕೋತಾರೆ. ಹಾಗಂದ್ಕೊಂಡ್ರೆ ಆ ಇಪ್ಪತ್ತಕ್ಕೆ ಯಾರೂ ಒದ್ದಾಡಲ್ಲ. ಅದ್ರಿಂದ ತೆಗೆಸಿ ಸಾರ್."

"ಇನ್ನೂ ಒಂದಂಕ ಇದ್ದಿದ್ರೆ ಕೊಡ್ತಿದ್ದೆ," ಎಂದು ಗೊಣಗಿ ಮೇಷ್ಟ್ರು ಕಣ್ಣು ಮುಚ್ಚಿ ತಲೆ ಒರಗಿಸಿದರು.

ಕತ್ತರಿಯಣ್ಣ ನೊರೆ ಕಲಸಿದ. ಆ ಸಂಜೆ ಮೀಸೆ ಮೇಷ್ಟ್ರು ಮೀಸೆ ತೆಗೆಸಿಕೊಂಡು ಮನೆಗೆ ಹೋದರು. ಕೊಟ್ಟ ಮಾತು ಉಳಿಸಿಕೊಂಡರು.